ಮರದ ತುದಿ ಬೀದಿಗೆ

ಜನವರಿ 12, ಶನಿವಾರ

ಒಳ್ಳೆಯ ಹಿಮ. ಒಣ ಹಿಮ, ಕಾಲಿಟ್ಟರೆ ಕಿರ್ ಅನ್ನುತ್ತದೆ. ಇಂಥದ್ದಕ್ಕೇ ಕಾಯುತ್ತಿದ್ದೆ. ಹಸಿ ಹಿಮದ ಮೇಲೆ ಜಮಖಾನೆ ಹಾಸಿದರೆ ಉಣ್ಣೆ ನೀರು ಕುಡಿದು ವಾರಗಟ್ಟಲೆ ಹುಳಿ ವಾಸನೆ.

ಬೆಳಗಿನ ಪ್ರಾರ್ಥನೆ ಮುಗಿಸಿ, ಹಸುವಿಗೆ ಹುಲ್ಲು ಹಾಕಿ, ದೊಡ್ಡ ಕೋಣೆಯ ಜಮಖಾನೆಗಳನ್ನೆಲ್ಲ ಹಿತ್ತಲಿಗೆ ಹೊತ್ತೆ. ಮುಖ ಕೆಳಗೆ, ಬೆನ್ನು ಮೇಲೆ. ಕೋಲಿನಿಂದ ಹೊಡೆದು, ಎತ್ತಿ, ಪಕ್ಕದ ಬಿಳಿ ಹಿಮಕ್ಕೆ ಸರಿಸಿ, ಮತ್ತೆ ಹೊಡೆತ. ಎತ್ತಿದ ಜಾಗದಲ್ಲಿ ಬೂದುಬಣ್ಣದ ಚೌಕ ಉಳಿಯುತ್ತದೆ. ವರ್ಷದ ಧೂಳು. ಅದನ್ನು ನೋಡಿದರೆ ಏನೋ ಸಮಾಧಾನ — ಪಾಪನಿವೇದನೆ ಮುಗಿಸಿ ಬಂದ ಹಾಗೆ.

ಪಕ್ಕದ ಮನೆಯ ಎಫ್ತೀನಿಯಾ ಅಕ್ಕ ಬೇಲಿಯ ಮೇಲಿಂದ ಕೂಗಿದಳು.

"ಏ ಹುಡುಗಿ, ಜಮಖಾನೆ ಹೊಡೀತಿದೀಯೋ, ಪ್ರೊಕೋಪಿಗೆ ಹೊಡೀತಿದೀಯೋ?"

"ನನ್ನ ಗಂಡಂಗೆ ಹೊಡೆದ್ರೆ ಇಷ್ಟು ಧೂಳು ಬರಲ್ಲ ಅಕ್ಕ. ಬರೀ ವೈನಿನ ವಾಸನೆ ಬರುತ್ತೆ."

ಐವತ್ತಾದರೂ ಅವಳಿಗೆ ನಾನು ಹುಡುಗಿ. ಮಗ್ಗದ ಮುಂದೆ ನನ್ನನ್ನು ಮೊದಲು ಕೂರಿಸಿದವಳು ಅವಳೇ. ಅವಳಿಗೆ ಮಕ್ಕಳಿಲ್ಲ. ಗಂಡ ಹೋಗಿ ಬಹಳ ಕಾಲ.

ಅವಳೂ ಒಂದು ಸುರುಳಿ ಹೊತ್ತು ತಂದಳು. ಬಿಚ್ಚಿದಳು. ಕೋಲು ಕೆಳಗಿಟ್ಟೆ. ಕಪ್ಪು ನೆಲ, ನಡುವೆ ಒಂದೇ ಮರ. ಒಂದು ತುದಿಗೆ ಬೇರು, ಇನ್ನೊಂದು ತುದಿಗೆ ಕೊಂಬೆ ತುಂಬ ಹಕ್ಕಿಗಳು. ಕೆಂಪು — ಎಂಥ ಕೆಂಪು! ಅಂಗಡಿಯ ಬಣ್ಣವಲ್ಲ, ಬೇರಿನಿಂದ ತೆಗೆದದ್ದು.

"ನನ್ನ ಸಾವಿಗೆ ನೇಯ್ದಿದ್ದು. ಹೆಣದ ಪೆಟ್ಟಿಗೆ ಕೆಳಗೆ ಹಾಸಿ, ಆಮೇಲೆ ಪೆಟ್ಟಿಗೆ ಮೇಲಿಂದ ನಿನ್ನ ಕೈಗೇ ದಾನ ಕೊಡ್ತಾರೆ. ಹೇಳಿಟ್ಟಿದೀನಿ."

"ಬಿಡ್ತು ಅನ್ನು ಅಕ್ಕ."

"ಯಾಕೆ, ನಿಂದು ಪೆಟಾರಿಯಲ್ಲಿ ಇಲ್ವಾ? ಕೇಳು. ನೆಲಕ್ಕೆ ಹಾಸು. ಗೋಡೆಗೆ ಹಾಕ್ಬೇಡ. ನೀವು ಇಲ್ಲಿ ತುಳಿದ್ರೆ ನಾನು ಅಲ್ಲಿ ಒಣ ದಾರಿ ಮೇಲೆ ನಡೀತೀನಿ. ಮರದ ತುದಿ ಬೀದಿ ಕಡೆ ಇರ್ಲಿ, ಬೇರು ಮನೆ ಕಡೆ."

ನನ್ನದೂ ಇದೆ, ನಿಜ. ಕುಚ್ಚು ಕಟ್ಟುವುದು ಮಾತ್ರ ಬಾಕಿ. ನಮ್ಮಲ್ಲಿ ಹೆಂಗಸರು ಮದುವೆಗೊಂದು, ಸಾವಿಗೊಂದು ನೇಯ್ದುಕೊಳ್ಳುತ್ತೇವೆ.

ಕೆಲಸ ಮುಗಿಸಿ ಒಳಗೆ ಬಂದು ಅವಳು ಒಲೆಕಟ್ಟೆಯ ಮಲಗುವ ಜಾಗಕ್ಕೆ ಹತ್ತಿ ಕೂತಳು. ಎರಡು ಜೊತೆ ಉಣ್ಣೆಯ ಸಾಕ್ಸ್. ಆದರೂ ಪಾದ ತಿಕ್ಕುತ್ತಲೇ ಇದ್ದಳು. ಎಡಗಾಲಿನ ಕಿರುಬೆರಳು ಚಿಕ್ಕಂದಿನಲ್ಲೇ ಹಿಮ ತಿಂದಿದೆ. "ಒಂಬತ್ತು ಬೆರಳಿಗೇ ಇಷ್ಟು ಚಳಿ. ಹತ್ತಿದ್ದಿದ್ರೆ ಸತ್ತೇ ಹೋಗ್ತಿದ್ದೆ" ಅಂದಳು.

ಜನವರಿ 19

ಪಾದ್ರಿ ಪವಿತ್ರಜಲ ಚಿಮುಕಿಸಲು ಬಂದಿದ್ದರು. ದೊಡ್ಡ ಕೋಣೆಯ ಹೊಸ್ತಿಲಲ್ಲೇ ನಿಂತರು. "ನಿನ್ನ ಮನೆ ನೆಲ ತುಳಿಯೋಕೇ ಭಯ ಆಗುತ್ತೆ ಅಗಾಫಿಯಾ. ಬಲಿಪೀಠದ ಹಾಗಿಟ್ಟಿದೀಯ."

ದಿನವಿಡೀ ಹಿಗ್ಗಿಕೊಂಡೇ ಇದ್ದೆ. ದೇವಮಾತೆ ಕ್ಷಮಿಸಲಿ.

ಮಾರ್ಚ್ 24, ಭಾನುವಾರ

ಎಫ್ತೀನಿಯಾ ಅಕ್ಕನನ್ನು ನಿನ್ನೆ ಮಣ್ಣು ಮಾಡಿದೆವು.

ಹಿಮ ಕರಗಿ ಹಳ್ಳ ತುಂಬುತ್ತಿದೆ, ಈಗ ಬೇಡ ಅಂದಿದ್ದೆ. ಕೇಳಲಿಲ್ಲ. ಈಸ್ಟರಿಗೆ ಮುಂಚೆ ಮನೆಯದನ್ನೆಲ್ಲ ಒಗೆಯಬೇಕು ಅಂತ ಒಬ್ಬಳೇ ಹೋಗಿ ಮೊಣಕಾಲುದ್ದ ನೀರಿನಲ್ಲಿ ನಿಂತಳು. ಜ್ವರ ಹತ್ತಿದ್ದು ಇಳಿಯಲೇ ಇಲ್ಲ. ಕೊನೆಯ ದಿನ ಕಾಲು ತಿಕ್ಕಿ ಕೊಡುತ್ತಿದ್ದೆ. ಕಲ್ಲು ತಿಕ್ಕಿದ ಹಾಗೆ.

ಸ್ಮಶಾನ ಹಳ್ಳದ ಆಚೆ. ಮರದ ಕಾಲುಸೇತುವೆಯನ್ನು ನೀರು ಕೊಚ್ಚಿಕೊಂಡು ಹೋಗಿದೆ. ಗಂಡಸರು ತೊಡೆಮಟ್ಟ ನೀರಿಗಿಳಿದು ಪೆಟ್ಟಿಗೆ ದಾಟಿಸಿದರು. ಮಧ್ಯದಲ್ಲಿ ಒಬ್ಬ ಜಾರಿದ. ಪೆಟ್ಟಿಗೆಯ ಕಾಲಿನ ಕಡೆ ನೀರಿಗೆ ಮುಳುಗಿ ಎದ್ದಿತು. ದಾರಿಯ ಉದ್ದಕ್ಕೂ ಅಲ್ಲಲ್ಲಿ ಸತ್ತವರಿಗೆ ದಾಟಲು ಸೇತುವೆ ಅಂತ ಬಟ್ಟೆ ಹಾಸುವ ಪದ್ಧತಿ. ಹಳ್ಳದ ಮೇಲೆ ಏನು ಹಾಸುವುದು?

ಹೆಣ ತೊಳೆಯುವ ಜಂಫಿರಾ ಅಜ್ಜಿ ಶಿಲುಬೆ ಗುರುತು ಮಾಡಿಕೊಂಡಳು. "ಕಾಲು ಒದ್ದೆ ಮಾಡ್ಕೊಂಡೇ ಹೋದ್ಲು."

ಆ ಜಮಖಾನೆಯನ್ನು ಪೆಟ್ಟಿಗೆಯ ಮೇಲಿಂದ ನನ್ನ ಕೈಗೆ ಕೊಟ್ಟರು. "ಅವಳಿಗೆ ಮುಟ್ಟಲಿ" ಅಂದೆ, ಸತ್ತವರ ದಾನ ತೆಗೆದುಕೊಳ್ಳುವವರು ಅನ್ನುವ ಹಾಗೆ. ಭಾರವಾಗಿತ್ತು.

ಏಪ್ರಿಲ್ 2

ದೊಡ್ಡ ಕೋಣೆಯಲ್ಲಿ ಬಿಚ್ಚಿ ನೋಡಿದೆ. ಮಂಡಿಯೂರಿ ಎಷ್ಟು ಹೊತ್ತು ಕೂತಿದ್ದೆನೋ. ಇಷ್ಟು ಬಿಗಿ ನೇಯ್ಗೆ ಇನ್ನು ಈ ಊರಿನಲ್ಲಿ ಯಾರ ಕೈಯಿಂದಲೂ ಆಗದು.

ನೆಲಕ್ಕೆ ಹಾಸಬೇಕು. ಆದರೆ ಈಗ ಕೆಸರಿನ ಕಾಲ. ಪ್ರೊಕೋಪಿಯ ಬೂಟಿಗೆ ದ್ರಾಕ್ಷಿತೋಟದ ಅರ್ಧ ಮಣ್ಣು ಅಂಟಿರುತ್ತದೆ. ಈಸ್ಟರ್ ಆಗಲಿ.

ಮಾಚಿಪತ್ರೆ ಹರಡಿ, ಹಳೆಯ ದುಪ್ಪಟಿ ಸುತ್ತಿ, ಪೆಟಾರಿಯ ಮೇಲಿಟ್ಟೆ.

ಮೇ 6, ಸೋಮವಾರ

ಸತ್ತವರ ಈಸ್ಟರ್. ಊರಿಗೆ ಊರೇ ಸ್ಮಶಾನದಲ್ಲಿ. ಹೊಸ ಕಾಲುಸೇತುವೆ ಹಾಕಿದ್ದಾರೆ, ಹಲಗೆ ಇನ್ನೂ ಬೆಳ್ಳಗಿದೆ. ಗೋರಿಯ ಮೇಲೆ ಬಟ್ಟೆ ಹಾಸಿ ಕೆಂಪು ಮೊಟ್ಟೆ, ರೊಟ್ಟಿ, ವೈನು ಇಟ್ಟೆವು. ನಗು, ಊಟ, ಮಕ್ಕಳ ಗಲಾಟೆ. ಒಳ್ಳೆಯ ಬಿಸಿಲು. ಎಫ್ತೀನಿಯಾ ಅಕ್ಕನ ಮಣ್ಣು ಮಾತ್ರ ಇನ್ನೂ ಹಸಿ.

ಜಂಫಿರಾ ಅಜ್ಜಿ ಮೊಟ್ಟೆ ಸುಲಿಯುತ್ತ ಕೇಳಿದಳು. "ಹಾಸಿದೀಯಾ?"

"ಹೂಂ" ಅಂದೆ.

ಯಾಕೆ ಹಾಗಂದೆನೋ.

ಜೂನ್ 20

ಜಮಖಾನೆಗಳಿಗೆ ಗಾಳಿ ಬಿಸಿಲು. ಬೇಲಿಯ ಮೇಲೆ ನೆರಳಿನ ಕಡೆ ಹಾಕಿದೆ, ನೇರ ಬಿಸಿಲಿಗೆ ಕೆಂಪು ಹಾರುತ್ತದೆ. ನುಸಿ ಬಿದ್ದಿಲ್ಲ. ಮಡಿಕೆಗಳ ನಡುವೆ ಹೊಸ ಅಕ್ರೋಟಿನ ಎಲೆ.

ಎಫ್ತೀನಿಯಾ ಅಕ್ಕನದನ್ನು ಬಿಚ್ಚಿದರೆ ಬೇರಿನ ತುದಿ ಒದ್ದೆ. ಮುಷ್ಟಿಯಲ್ಲಿ ಹಿಂಡಿದರೆ ಬೆರಳ ಸಂದಿಯಲ್ಲಿ ನೀರು. ಸುತ್ತಿದ್ದ ದುಪ್ಪಟಿ ಒಣಗಿದೆ. ಕೆಳಗಿನ ಪೆಟಾರಿ ಒಣಗಿದೆ. ಮಾಚಿಪತ್ರೆ ಮಾತ್ರ ಕಪ್ಪಾಗಿ ಕೊಳೆತಿದೆ.

ಕೋಣೆ ಮುಚ್ಚಿಟ್ಟದ್ದಕ್ಕೆ ಇರಬೇಕು. ವಿನಿಗರ್ ಹಾಕಿದ ತಣ್ಣೀರಿನಲ್ಲಿ ಆ ತುದಿ ಒರೆಸಿದೆ, ಬಣ್ಣ ಬಿಡದಿರಲೆಂದು. ಗಾಳಿಗೆ ಹಾಕಿದೆ.

ಅಷ್ಟರಲ್ಲಿ ರಾಯೀಸಾ ಬಂದಳು, ಮುಂದಿನ ಊರಿನವಳು. ಅವಳ ಮಗ ಸ್ಲಾವಿಕ್‌ಗೆ ನಮ್ಮ ಮಗಳು ಆವ್ರೀಕಾಳನ್ನು ಕೊಡುವ ಮಾತು ಗಟ್ಟಿಯಾಗಿದೆ. ಅಕ್ಟೋಬರಿನಲ್ಲಿ ಮದುವೆ. ಬೇಲಿಯ ಮುಂದೆ ನಿಂತು ಕಣ್ಣು ಕಿರಿದು ಮಾಡಿದಳು.

"ಇದು ಯಾರು ನೇಯ್ದಿದ್ದು ಬೀಗಿತ್ತಿ?"

"ನಮ್ಮ ಪಕ್ಕದ ಮನೆಯವಳು. ತೀರಿಕೊಂಡಳು."

"ಮದುಮಗಳನ್ನ ಕೂರಿಸೋ ಹಿಂದಿನ ಗೋಡೆಗೆ ಇದೇ ಇರ್ಲಿ. ನನ್ನ ತಂಗಿ ಸೊಸೆ ತಂದಿದ್ದೆಲ್ಲ ಅಂಗಡಿ ಕಾರ್ಪೆಟ್ಟು, ವ್ಯಾಕ್ಯೂಮ್ ಹೊಡೆದ್ರೆ ಕೂದಲು ಉದುರುತ್ತೆ. ಅವಳು ಬಂದು ನೋಡ್ಲಿ."

ನೆಲಕ್ಕೆ ಹಾಸುವುದು ಅಂತ ಬಾಯಿಗೆ ಬಂತು. ನುಂಗಿಕೊಂಡೆ. ಮಗಳ ಮುಖ ನೋಡಿದೆ. ಹೊಳೆಯುತ್ತಿತ್ತು.

ಸೆಪ್ಟೆಂಬರ್ 21, ದೇವಮಾತೆಯ ಜನನದ ಹಬ್ಬ

ಪೂಜೆಯಿಂದ ಬಂದು ದೊಡ್ಡ ಕೋಣೆಯಲ್ಲಿ ಸುಣ್ಣ ಹೊಡೆದ ಗೋಡೆ ಒಣಗಿದೆಯೇ ನೋಡಿದೆ. ಒಣಗಿದೆ. ಪ್ರೊಕೋಪಿ ಮೊಳೆ ಹೊಡೆದ. ಬೇರು ಕೆಳಗೆ, ಹಕ್ಕಿಗಳು ಮೇಲೆ, ಸೂರಿಗೆ ತಾಗುವಷ್ಟು. ಕೋಣೆಯೇ ಬೇರೆ ಆಯಿತು.

ಮದುವೆ ಮುಗಿದ ಮೇಲೆ ಇಳಿಸಿ ನೆಲಕ್ಕೆ ಹಾಸುತ್ತೇನೆ ಅಕ್ಕ. ದೇವರ ಪಟದ ಮುಂದೆ ಹೇಳಿದೆ.

ಸೆಪ್ಟೆಂಬರ್ 29

ಬೇರಿನ ಹತ್ತಿರ ಎರಡು ಒದ್ದೆ ಗುರುತು. ಅಕ್ಕಪಕ್ಕ.

ಪ್ರೊಕೋಪಿಯನ್ನು ಕರೆದೆ. ಮೂಗಿಟ್ಟು ನೋಡಿದ. "ಹಳ್ಳದ ವಾಸನೆ. ಸೂರು ಸೋರ್ತಿರಬೇಕು."

"ಮಳೆ ಬಂದು ಎಷ್ಟು ದಿನ ಆಯ್ತು?"

"ಹಂಗಾದ್ರೆ ಬೆಕ್ಕು."

"ಬೆಕ್ಕು ಗೋಡೆಗೆ ಕಾಲಿಟ್ಟು ನಿಲ್ಲುತ್ತಾ?"

"ನಿನ್ನ ಮನೇಲಿ ನೆಲಕ್ಕೆ ಕಾಲಿಡೋಕೆ ನನಗೇ ಭಯ. ಅದಕ್ಕೆ ಆಗಲ್ವಾ?" ನಕ್ಕು ಹೋದ. ಆದರೂ ಅಟ್ಟ ಹತ್ತಿ ಸೂರು ತಡಕಿ ಬಂದ. ಒಣಗಿದೆ ಅಂದ.

ಅಕ್ಟೋಬರ್ 3, ಗುರುವಾರ

ಗುರುತು ಮೇಲೆ ಹೋಗಿದೆ. ಕೆಳಗಿನವು ಒಣಗಿ ಅಂಚಿಗೆ ಸಣ್ಣ ಮಣ್ಣಿನ ಗೆರೆ. ಹೊಸವು ಮರದ ಬೊಡ್ಡೆಯ ಮೇಲೆ. ಒಂದು ಮುಂದೆ, ಒಂದು ಹಿಂದೆ.

ದೀಪ ಹತ್ತಿರ ಹಿಡಿದೆ. ಹಿಮ್ಮಡಿ ಕೆಳಗೆ, ಬೆರಳು ಮೇಲೆ. ಬಲಗಾಲಿಗೆ ಐದು. ಎಡಗಾಲಿಗೆ —

ನಾಲ್ಕು.

ದೀಪ ಇಟ್ಟು ಹಿಟ್ಟು ನಾದಲು ಹೋದೆ. ಕೈ ಕೆಲಸ ಮಾಡುತ್ತಿತ್ತು, ಅಷ್ಟೆ. ಎಪ್ಪತ್ತು ದಾಟಿದ ಹೆಂಗಸು. ಗೋಡೆ ಹತ್ತುತ್ತಿದ್ದಾಳೆ. ನಾನು ಹತ್ತಿಸುತ್ತಿದ್ದೇನೆ.

ಅಕ್ಟೋಬರ್ 8

ಇಳಿಸಿಬಿಟ್ಟೆ. ಮದುವೆಯ ತನಕ ಕಾಯಲಾಗಲಿಲ್ಲ. ಆವ್ರೀಕಾ ಅತ್ತಳು. "ರಾಯೀಸಾ ಅತ್ತೆಗೆ ಏನು ಹೇಳ್ಲಿ? ನೆಲಕ್ಕೆ ಹಾಕೋಕೆ ಬೇರೆ ಇಲ್ವಾ?"

"ಇದು ನೆಲದ್ದೇ ಕಣೇ. ನಾನೇ ತಪ್ಪು ಮಾಡಿದ್ದೆ."

ನೆಲ ಒರೆಸಿ, ಒಣಗಿಸಿ, ದೊಡ್ಡ ಕೋಣೆಯ ನಡುವೆ ಉದ್ದಕ್ಕೆ ಹಾಸಿದೆ. ಬೀದಿ ಕಡೆಯ ಬಾಗಿಲಿಂದ ಆವ್ರೀಕಾಳ ಕೋಣೆಯ ಬಾಗಿಲಿನವರೆಗೂ ಬಂತು. ಒಳಗೆ ಬಂದವರಿಗೆ ಮರ ನೆಟ್ಟಗೆ ನಿಂತ ಹಾಗೆ ಕಾಣಬೇಕು ಅಂತ ಎರಡು ಸಲ ಎಳೆದು ಸರಿಮಾಡಿದೆ. ಚೆನ್ನಾಗಿ ಕಂಡಿತು.

ಆಮೇಲೆ ಬೂಟು ಹಾಕಿಕೊಂಡೇ ನಡೆದೆ. ಪ್ರೊಕೋಪಿಯನ್ನೂ ಕರೆದು ನಡೆಸಿದೆ. "ನಿನಗೆ ಹುಷಾರಿಲ್ವಾ?" ಅಂದ.

ಅಕ್ಟೋಬರ್ 10

ಗುರುತು ಮುಂದೆ ಹೋಗಿದೆ. ಕೊಂಬೆ ಶುರುವಾಗುವಲ್ಲಿಗೆ ಬಂದಿದ್ದಾಳೆ. ನೆಲದ ಮೇಲೆ ಹೆಜ್ಜೆ ಉದ್ದ, ಸಲೀಸು. ಗೋಡೆಯ ಮೇಲಿನ ಹಾಗೆ ಹಿಮ್ಮಡಿ ಜಾರಿಲ್ಲ.

ಹೋಗುತ್ತಿದ್ದಾಳೆ. ಅಂತೂ ದಾರಿ ಸಿಕ್ಕಿತು. ಮೇಣದ ಬತ್ತಿ ಹಚ್ಚಿದೆ. ಮನಸ್ಸು ಹಗುರ.

ಆವ್ರೀಕಾಗೆ ನೆಗಡಿ. ಕಾಲು ತಣ್ಣಗೆ ಅನ್ನುತ್ತಾಳೆ. ಮದುವೆ ಹುಡುಗಿ, ಊಟ ಸರಿಯಿಲ್ಲ. ಕೋಳಿ ಸಾರು ಮಾಡಿಕೊಟ್ಟೆ.

ಅಕ್ಟೋಬರ್ 12

ಆವ್ರೀಕಾ ಬಿಸಿನೀರಿನಲ್ಲಿ ಕಾಲಿಟ್ಟು ಕೂತಿದ್ದಳು. ನೀರು ಆರಿತು. ಕಾಲು ಬಿಸಿಯಾಗಲಿಲ್ಲ. ಪಾದ ಮುಟ್ಟಿದೆ. ಆ ತಣ್ಣಗೆ ನನಗೆ ಗೊತ್ತಿದೆ. ಮಾರ್ಚಿನಲ್ಲಿ ಇದೇ ಕೈಯಿಂದ ತಿಕ್ಕಿದ್ದೇನೆ.

ಅಕ್ಟೋಬರ್ 14, ಸೋಮವಾರ. ದೇವಮಾತೆಯ ಸೆರಗಿನ ಹಬ್ಬ

ಜಂಫಿರಾ ಅಜ್ಜಿ ಮದುವೆಯ ರೊಟ್ಟಿಗೆ ಹಿಟ್ಟು ಜರಡಿ ಹಿಡಿಯಲು ಬಂದಳು. ದೊಡ್ಡ ಕೋಣೆಯ ಬಾಗಿಲಲ್ಲಿ ಹಾಗೇ ನಿಂತಳು. ಗುರುತು ನೋಡಿ ಅಲ್ಲ. ಗುರುತು ಆಮೇಲೆ ನೋಡಿದಳು.

"ಯಾವ ಕಡೆಗೆ ಹಾಸಿದೀಯೇ ಮಾರಾಯ್ತಿ?"

ನೋಡಿದೆ. ನನಗೆ ಈಗ ಕಂಡಿತು. ಬೇರು ಬೀದಿ ಕಡೆಯ ಬಾಗಿಲಿಗೆ. ಹಕ್ಕಿಗಳು ಒಳಗೆ. ಬಂದವರಿಗೆ ಚೆನ್ನಾಗಿ ಕಾಣಲಿ ಅಂತ ನಾನೇ ಎಳೆದು ಎಳೆದು ಸರಿಮಾಡಿದ್ದು. ಅವಳು ಬಿಡಿಸಿ ಹೇಳಿದ್ದಳು — ಮರದ ತುದಿ ಬೀದಿಗೆ.

ಅವಳು ಹೋಗುತ್ತಿಲ್ಲ. ಬರುತ್ತಿದ್ದಾಳೆ.

"ತಿರುಗಿಸ್ತೀನಿ" ಅಂತ ಕುಚ್ಚಿಗೆ ಕೈ ಹಾಕಿದೆ. ಅಜ್ಜಿ ಕೈ ಮೇಲೆ ಹೊಡೆದಳು. ನಿಜವಾಗಿ ಹೊಡೆದಳು.

"ಮುಟ್ಬೇಡ! ಮೇಲೆ ಆಳಿರುವಾಗ ಸೇತುವೆ ತಿರುಗಿಸ್ತಾರಾ? ಎಲ್ಲಿಗೆ ಬೀಳ್ತಾಳೆ ಅವಳು?"

"ಅವಳಿಗೆ ಏನು ಬೇಕು ಅಜ್ಜಿ?"

"ಏನು ಬೇಕಿರುತ್ತೆ. ಕಾಲು ಬೆಚ್ಚಗಾಗ್ಬೇಕು. ಬೆಚ್ಚಗಿರೋದು ಎಲ್ಲಿ ಸಿಕ್ಕಿದ್ರೆ ಅಲ್ಲಿಗೆ ಹೋಗ್ತಾಳೆ. ಕೆಟ್ಟವಳಲ್ಲ ಪಾಪ. ಚಳಿ ಅವಳಿಗೆ."

ತುದಿಯ ಹಕ್ಕಿಗಳ ಆಚೆ ಬಾಗಿಲು. ಬಾಗಿಲ ಆಚೆ ಆವ್ರೀಕಾಳ ಮಂಚ.

ಅಕ್ಟೋಬರ್ 15

ಪಾದ್ರಿ ಬಂದರು. ಸತ್ತವರ ಪ್ರಾರ್ಥನೆ ಪೂರ್ತಿ ಓದಿದರು. ಈ ಸಲವೂ ಜಮಖಾನೆ ತುಳಿಯದೆ ಅಂಚಿನಲ್ಲೇ ನಡೆದರು.

"ಸ್ವಾಮಿ, ಇದನ್ನ ಸುಟ್ಟುಬಿಡ್ಲಾ?"

"ಕೈಗೆ ಕೊಟ್ಟ ದಾನ ಸುಡ್ತಾರಾ ತಾಯಿ?" ಪುಸ್ತಕ ಮುಚ್ಚಿದರು. "ಪ್ರಾರ್ಥನೆ ನನ್ನ ಕೆಲಸ, ಮಾಡಿದೀನಿ. ಹಾಸೋದು ನಿಮ್ಮ ಹೆಂಗಸರ ಕೆಲಸ."

ಆವ್ರೀಕಾಳನ್ನು ನನ್ನ ಜೊತೆ ಒಲೆಕಟ್ಟೆಯ ಮೇಲೆ ಮಲಗಿಸಿಕೊಂಡೆ.

ಅಕ್ಟೋಬರ್ 17, ಗುರುವಾರ, ಬೆಳಿಗ್ಗೆ

ಮೇಲೆ ಮಲಗಿಸಿದರೂ ಅಷ್ಟೆ. ಮಗಳ ಬೆರಳುಗಳು ನೀಲಿ. ಕೆಮ್ಮು. ಪ್ರೊಕೋಪಿ ಡಾಕ್ಟರನ್ನು ಕರೆತಂದ. ಎದೆ ಸರಿಯಿದೆ, ಜ್ವರವಿಲ್ಲ, ಬೆಚ್ಚಗಿಡಿ ಅಂದರು. ಹುಡುಗಿ ಕೇಳಿದಳು, "ಅಮ್ಮ, ಭಾನುವಾರ ಶೂ ಹಾಕ್ಕೊಂಡು ನಿಲ್ಲೋಕಾಗುತ್ತಾ ನನಗೆ? ಕಾಲಿದೆ ಅಂತಾನೇ ಗೊತ್ತಾಗ್ತಿಲ್ಲ."

ಪ್ರೊಕೋಪಿ ಈಗ ನಗುವುದಿಲ್ಲ. ಬೆಳಿಗ್ಗೆ ಅವನೇ ಹೋಗಿ ನೋಡಿ ಬಂದ. "ಹಕ್ಕಿ ಮೇಲೆ ನಿಂತಿದಾಳೆ" ಅಂದ, ಅಷ್ಟೆ.

ತಿರುಗಿಸುವ ಹಾಗಿಲ್ಲ. ಸುಡುವ ಹಾಗಿಲ್ಲ. ಸೇತುವೆ ಮುಗಿದರೆ ಅವಳು ಮಗಳ ಮಂಚದ ಹತ್ತಿರ ಇಳಿಯುತ್ತಾಳೆ.

ಮುಗಿಯದಿದ್ದರೆ?

ಅದೇ ದಿನ, ಮಧ್ಯಾಹ್ನ

ಆವ್ರೀಕಾಳ ಕೋಣೆಗೆ ಹಿಂಬಾಗಿಲು ಇದೆ. ಚಳಿಗೆ ಅಂತ ಬಟ್ಟೆ ತುರುಕಿ ಮುಚ್ಚಿದ್ದೆವು. ಅಲ್ಲಿಂದ ಜಗುಲಿ, ಜಗುಲಿಯಿಂದ ದ್ರಾಕ್ಷಿಸಾಲು, ಇಳಿಜಾರು, ಹಳ್ಳ, ಕಾಲುಸೇತುವೆ. ಆಚೆ ದಂಡೆಗೇ ತಾಗಿ ಅವಳ ಗೋರಿ.

ದೊಡ್ಡ ಕೋಣೆಯಲ್ಲಿ ಸೂರಿನವರೆಗೆ ಜೋಡಿಸಿದ್ದೇನೆ — ಮಗಳು ಮದುವೆಯಾಗಿ ಕೊಂಡೊಯ್ಯುವ ಜಮಖಾನೆಗಳು. ಅವಳು ಹುಟ್ಟಿದ ವರ್ಷದಿಂದ ನೇಯ್ದದ್ದು. ಒಂದಕ್ಕೂ ಕಾಲು ತಗುಲಿಲ್ಲ. ವರ್ಷಕ್ಕೆ ಹಿಮ, ಗಾಳಿ, ಎಲೆ, ಮಡಿಕೆ ಬದಲಾವಣೆ. ಎಷ್ಟು ಕಾಪಾಡಿದೆ!

ಹೊರಗೆ ಎರಡು ದಿನದ ಮಳೆ. ಕೆಸರು ಮೊಣಗಂಟಿನವರೆಗೆ.

ಜಂಫಿರಾ ಅಜ್ಜಿಯನ್ನು ಕೇಳಿದೆ. "ಉದ್ದ ಮಾಡಬಹುದು. ಎಲ್ಲೂ ಬಿಟ್ಟಿರಬಾರದು. ಮರವೋ ಹೂವೋ, ತುದಿಗಳೆಲ್ಲ ಹಳ್ಳದ ಕಡೆ. ಬದುಕಿರೋರು ಮೊದಲು ತುಳಿದು ಕೊಡ್ಬೇಕು. ಶನಿವಾರ ಮಾಡೋಣ, ಸತ್ತವರ ದಿನ."

ಅಕ್ಟೋಬರ್ 19, ಶನಿವಾರ

ಬೆಳಿಗ್ಗೆ ಗುರುತು ಕೊನೆಯ ಹಕ್ಕಿಯ ಮೇಲೆ. ಎರಡೂ ಪಾದ ಜೋಡಿಸಿ. ಬೆರಳು ಕುಚ್ಚಿನ ಮೇಲೆ. ಬಾಗಿಲು ತೆರೆಯಲಿ ಅಂತ ಕಾಯುವವರು ನಿಲ್ಲುವ ಹಾಗೆ.

ಮಂಚ ಎಳೆದು ಗೋಡೆಗೆ ಸೇರಿಸಿದೆವು. ಪ್ರೊಕೋಪಿ ಹಿಂಬಾಗಿಲು ಒದ್ದು ತೆಗೆದ. ಮೊದಲನೆಯದನ್ನು — ಗುಲಾಬಿ ಬುಟ್ಟಿಯದು, ಆವ್ರೀಕಾ ತೊಟ್ಟಿಲಲ್ಲಿದ್ದಾಗ ನೇಯ್ದದ್ದು — ಆ ಕುಚ್ಚಿಗೆ ಕುಚ್ಚು ತಾಗಿಸಿ ಹಾಸಿದೆ. ಮುಂದಿನದು ಹೊಸ್ತಿಲ ಮೇಲೆ. ಮುಂದಿನದು ಜಗುಲಿ. ಅದರ ಮುಂದಿನದು ಕೆಸರಿಗೆ. ಬಿಳಿ ಅಂಚಿನದು. ಕೆಸರು ಅದನ್ನು ಚಪ್ಪರಿಸಿಕೊಂಡು ಎಳೆದುಕೊಂಡಿತು. ನಾನು ಅಳಲಿಲ್ಲ. ಪ್ರೊಕೋಪಿ ಮುಖ ತಿರುಗಿಸಿದ.

ದ್ರಾಕ್ಷಿಸಾಲಿನಲ್ಲಿ ಹಾಸುತ್ತಿರುವಾಗ ರಾಯೀಸಾಳ ಗಾಡಿ ಬಂತು. ಮಗಳ ಬಳುವಳಿ ಸಾಗಿಸಲು, ಹಾಡುತ್ತ ಬಂದಿದ್ದರು. ಹಾಡು ಅಲ್ಲೇ ನಿಂತಿತು.

"ಅಯ್ಯೋ ದೇವರೇ! ಬೀಗಿತ್ತಿ! ಏನ್ರೀ ಇದು? ಹಂದಿಗೆ ಹಾಸಿಗೆ ಹಾಕ್ತಿದೀರಾ?"

"ನಿಮ್ಮ ಸೊಸೆ ಕಾಲಿಗೆ" ಅಂದೆ.

"ಎಂಥ ಕಾಲಿಗೆ? ನಾಳೆ ನನ್ನ ತಂಗಿ ಬರ್ತಾಳೆ, ಏನು ತೋರಿಸ್ಲಿ, ಕೆಸರಾ?"

ಆವ್ರೀಕಾ ಜಗುಲಿಯ ಕಂಬ ಹಿಡಿದು ನಿಂತಿದ್ದಳು. "ಅತ್ತೆ, ಒಳಗೆ ಬನ್ನಿ. ಒಂದ್ಸಲ ನೋಡಿ." ಕರೆದುಕೊಂಡು ಹೋದಳು. ರಾಯೀಸಾ ಹೊರಗೆ ಬಂದಾಗ ಮುಖ ಸುಣ್ಣದ ಹಾಗಿತ್ತು. ಆವ್ರೀಕಾಳ ಪಾದ ತನ್ನ ಎರಡೂ ಅಂಗೈಯಲ್ಲಿ ಹಿಡಿದು ನೋಡಿದಳಂತೆ.

ಹೊಸ ಶೂ ಬಿಚ್ಚಿ ಬೇಲಿಗೆ ಸಿಕ್ಕಿಸಿ, ಲಂಗ ಎತ್ತಿ ಕಟ್ಟಿ, ಜಮಖಾನೆಯ ಇನ್ನೊಂದು ತುದಿ ಹಿಡಿದಳು. "ಎಳೀರಿ ಬೀಗಿತ್ತಿ, ನಿಮ್ಮ ಕಡೆ ಸೊಟ್ಟಗಿದೆ" ಅಂದಳು. "ನನ್ನ ತಂಗಿ ಬಂದ್ರೆ ಅವಳ ಕಾರ್ಪೆಟ್ಟೇ ಅವಳು ನೋಡ್ಕೊಳ್ಲಿ."

ಹಳ್ಳದ ದಂಡೆಗೆ ಬಂದೆವು. ಜಮಖಾನೆ ಮುಗಿಯಿತು. ಕಾಲುಸೇತುವೆ ಪೂರ್ತಿ ಬರಿದು.

"ದುಪ್ಪಟಿ ಹಾಸೋಣ" ಅಂದಳು ರಾಯೀಸಾ.

"ಬಟ್ಟೆ ಆಗಲ್ಲ ಕಣಮ್ಮ" ಅಂದಳು ಜಂಫಿರಾ ಅಜ್ಜಿ. "ಅವತ್ತೂ ಇಲ್ಲೇ ಅಲ್ವಾ ಅವಳ ಕಾಲು ಮುಳುಗಿದ್ದು. ಕೈಯಿಂದ ನೇಯ್ದದ್ದೇ ಬೇಕು." ನನ್ನ ಕಡೆ ನೋಡಲಿಲ್ಲ. ಬೇಕೆಂದೇ ನೋಡಲಿಲ್ಲ.

ಮನೆಗೆ ಹೋದೆ. ಪೆಟಾರಿ ತೆರೆದೆ. ನನ್ನದು ತಳದಲ್ಲಿತ್ತು. ಕಪ್ಪು ನೆಲ, ಅಕ್ಕ ಕಲಿಸಿದ ಅದೇ ಮರ, ಅವಳದಷ್ಟು ಬಿಗಿಯಲ್ಲ. ಕುಚ್ಚು ಕಟ್ಟಿಲ್ಲ, ದಾರ ಹಾಗೇ ಜೋಲುತ್ತಿದೆ.

ಪ್ರೊಕೋಪಿ ಬಾಗಿಲಲ್ಲಿ. "ಅದು ನಿಂದು ಅಗಾಫಿಯಾ."

"ಹೂಂ."

"ನಾಳೆ ನೀನು ಹೋದ್ರೆ ನಿನಗೆ ಏನು ಹಾಸ್ಲಿ ನಾನು?"

"ಇನ್ನೊಂದು ನೇಯ್ತೀನಿ. ಬಿಡು ದಾರಿ."

ಅವನು ಬಿಡಲಿಲ್ಲ. ಸುರುಳಿಯ ಇನ್ನೊಂದು ತುದಿ ಹೆಗಲಿಗೆ ಹಾಕಿಕೊಂಡ.

ಹಲಗೆಯ ಮೇಲೆ ಹಾಸಿದೆವು. ಸರಿಯಾಗಿ ಆಚೆ ದಂಡೆಯವರೆಗೆ ಬಂತು. ಅಳತೆ ತೆಗೆದು ನೇಯ್ದ ಹಾಗೆ.

ಆಮೇಲೆ ಎಲ್ಲರೂ ನಡೆದೆವು, ದೊಡ್ಡ ಕೋಣೆಯಿಂದ ಗೋರಿಯವರೆಗೆ. ಮುಂದೆ ಅಜ್ಜಿ ಮೇಣದ ಬತ್ತಿ ಹಿಡಿದು, ಆಮೇಲೆ ಆವ್ರೀಕಾ ಅಪ್ಪನ ತೋಳು ಹಿಡಿದು, ರಾಯೀಸಾ, ಅವಳ ಗಾಡಿಯ ಹಾಡುಗಾರರು. ಹಿಂದೆ ನಾನು. ಗುಲಾಬಿಯ ಮೇಲೆ, ಬಿಳಿ ಅಂಚಿನ ಮೇಲೆ, ಕೆಸರು ಬೂಟಿನಲ್ಲಿ. "ನಡಿ ಅಕ್ಕ" ಅಂದೆ. "ಎಲ್ಲ ನಿನಗೇ. ತುಳಿದುಕೊಂಡು ಹೋಗು."

ಅಕ್ಟೋಬರ್ 20, ಭಾನುವಾರ. ಬೆಳಿಗ್ಗೆ

ಮದುವೆ. ಬಾಗಿಲಿಗೆ ತುಳಸಿ ಕಟ್ಟಿದ್ದಾರೆ. ಹೊರಗೆ ವಾದ್ಯದವರು ಬಂದಾಗಿದೆ, ಬರೆಯಲು ಹೊತ್ತಿಲ್ಲ. ಆದರೂ.

ಬೆಳಕು ಹರಿಯುತ್ತಲೇ ನೋಡಲು ಹೋದೆವು, ನಾನು, ಪ್ರೊಕೋಪಿ. ಅಕ್ಕನ ಜಮಖಾನೆ ಒಣಗಿತ್ತು. ಪೂರ್ತಿ. ಗುಲಾಬಿಯ ಮೇಲೆ ಹೆಜ್ಜೆ. ಹೊಸ್ತಿಲ ಮೇಲೆ ಹೆಜ್ಜೆ. ಮಂಚದ ಪಕ್ಕದಲ್ಲಿ ನಿಂತಿಲ್ಲ, ತಿರುಗಿಲ್ಲ. ಕೆಸರು ಹತ್ತಿದ ಜಮಖಾನೆಗಳ ಮೇಲೆ ನಮ್ಮ ಬೂಟಿನ ಗುರುತುಗಳ ನಡುವೆ ಸಣ್ಣ ಬರಿಗಾಲು, ಎಡಗಡೆ ನಾಲ್ಕು ಬೆರಳು, ಹಳ್ಳದವರೆಗೆ. ಅವಸರದ ಹೆಜ್ಜೆಯಲ್ಲ. ಸಂತೆಗೆ ಹೋಗುವವರ ಹೆಜ್ಜೆ.

ಕಾಲುಸೇತುವೆಯ ಮೇಲೆ ನನ್ನದು ಇರಲಿಲ್ಲ.

ನೀರು ತುಂಬಿಲ್ಲ, ಗಾಳಿ ಬೀಸಿಲ್ಲ. ಹಲಗೆ ಒಣಗಿದೆ. ಪ್ರೊಕೋಪಿ ಹಳ್ಳದ ಕೆಳಗೆ ತಿರುವಿನವರೆಗೂ ಹುಡುಕಿ ಬಂದ. "ಸುತ್ತಿ ಎತ್ಕೊಂಡು ಹೋಗಿದಾಳೆ" ಅಂದ. ಆಚೆ ದಂಡೆಯ ಹುಲ್ಲಿನಲ್ಲಿ ಕುಚ್ಚಿನ ಒಂದು ದಾರ ಸಿಕ್ಕಿತು. ಕಟ್ಟಿದೆ. ನಾನು ಕಟ್ಟಿರಲಿಲ್ಲ. ಅಕ್ಕ ಹಾಕುವ ಗಂಟು, ಎರಡು ಸುತ್ತಿನದು.

ಬೆಚ್ಚಗಿರಲಿ ಅವಳು. ಅವಳಿಗೆ ಮುಟ್ಟಲಿ.

ಆವ್ರೀಕಾ ಬರಿಗಾಲಲ್ಲಿ ಮನೆ ತುಂಬ ಓಡಾಡುತ್ತಿದ್ದಾಳೆ. ಕಾಲು ಕೆಂಪಗೆ, ಒಲೆಯಿಂದ ತೆಗೆದ ರೊಟ್ಟಿಯ ಹಾಗೆ ಬಿಸಿ. ಶೂ ಹಾಕಿಕೊಳ್ಳೇ ಅಂತ ರಾಯೀಸಾ ಹಿಂದೆ ಹಿಂದೆ. ಇಬ್ಬರೂ ನಗುತ್ತಿದ್ದಾರೆ. ಮದುಮಗಳ ಹಿಂದಿನ ಗೋಡೆ ಬರಿ ಸುಣ್ಣ. ಯಾರೂ ಕೇಳಲಿಲ್ಲ.

ಕೆಸರು ಜಮಖಾನೆಗಳನ್ನು ಬೇಲಿಗೆ ಹಾಕಿದ್ದೇವೆ. ಮಣ್ಣು ಒಣಗಲಿ, ಒದ್ದೆಯಲ್ಲಿ ಉಜ್ಜಬಾರದು. ಹಿಮ ಬಿದ್ದ ಮೇಲೆ ಹೊಡೆದರೆ ಬಹುಪಾಲು ಹೋಗುತ್ತದೆ. ಮಗ್ಗಕ್ಕೆ ಹೊಸ ಹಾಸು ಹಾಕಬೇಕು, ನಾಳೆಯೇ. ಕಪ್ಪು ಉಣ್ಣೆ ಸಾಕಾಗುತ್ತದೋ ಇಲ್ಲವೋ.

ನನ್ನನ್ನು ಕರೆಯುತ್ತಿದ್ದಾರೆ. ಎದ್ದೇಳಬೇಕು. ಒಲೆಕಟ್ಟೆಯ ಮೇಲೆ ಕೂತೇ ಬರೆಯುತ್ತಿದ್ದೇನೆ, ಒಲೆ ಧಗಧಗ ಉರಿಯುತ್ತಿದೆ, ಉಣ್ಣೆಯ ಸಾಕ್ಸ್ ಎರಡು ಜೊತೆ ಹಾಕಿದ್ದೇನೆ. ಬೆಳಿಗ್ಗೆ ಸೇತುವೆಯಿಂದ ಬಂದಾಗಿನಿಂದ ಪಾದ ಮಾತ್ರ